ನೇಕಾರರ ಓಣಿಗೆ ಹೋದ ನವಣಕ್ಕಿ

ನಾನು ಶಿರೋಳದ ಮಗಳು. ನಮ್ಮ ತವರಿನ ಹೊಲಗಳೆಲ್ಲ ಕಪ್ಪು ಎರೆಭೂಮಿ. ಹತ್ತಿ, ಬಿಳಿಜೋಳ, ಗೋದಿ, ಕಡಲೆ ಬೆಳೆಯುವ ನೆಲ. ನಮ್ಮಪ್ಪನಿಗೆ ಆ ನೆಲದ ಬಗ್ಗೆ ಎಷ್ಟು ಹೆಮ್ಮೆಯೆಂದರೆ, ನನಗೆ ಗಂಡು ನೋಡಿಕೊಂಡು ಬಂದವನು ಹುಡುಗನ ಬಣ್ಣ ಹೇಳುವ ಮೊದಲು ಅವರ ಹೊಲದ ಬಣ್ಣ ಹೇಳಿದ. "ಅರ್ಧ ಎರಿ, ಅರ್ಧ ಮಸಾರಿ ಐತಿ" ಎಂದು ಮುಖ ಸ್ವಲ್ಪ ಸಣ್ಣದು ಮಾಡಿಕೊಂಡೇ ಹೇಳಿದ್ದ. ಮಸಾರಿ ಎಂದರೆ ಕೆಂಪು ಮಣ್ಣು. ಅದರಲ್ಲಿ ಏನು ಬೆಳೆಯುತ್ತಾರೆಂದು ಅವ್ವ ಕೇಳಿದ್ದಕ್ಕೆ, "ಶೇಂಗಾ, ಸಜ್ಜಿ, ಮತ್ತ ಹೆಣ್ಮಕ್ಕಳು ಅದೇನೋ ನವಣಿ ಗಿವಣಿ ಹಾಕ್ಕೋತಾರ" ಎಂದ.

ಆಗ ನಮ್ಮ ಕಡೆಗೆ ಇನ್ನೂ ಮುಂಬಯಿ ಸರ್ಕಾರ. ನನ್ನ ಗಂಡನ ಊರು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿತ್ತು. ರೋಣಕ್ಕಿಂತ ಗಜೇಂದ್ರಗಡವೇ ಹತ್ತಿರ. ನಮ್ಮ ಮಾಳಿಗೆ ಹತ್ತಿದರೆ ಅಲ್ಲಿಯ ಗುಡ್ಡ ನೀಲಿಯಾಗಿ ಕಾಣುತ್ತಿತ್ತು. ನಾನು ಮನೆ ಹೊಕ್ಕ ಕೆಲವೇ ದಿನಗಳಲ್ಲಿ, ಹೋಳಿಗೆ ಹುಗ್ಗಿಯ ಊಟಗಳೆಲ್ಲ ಮುಗಿದ ಮೇಲೆ, ಅತ್ತಿ ನನ್ನ ಗಂಗಾಳಕ್ಕೆ ಹಳದಿ ಬಣ್ಣದ ಸಣ್ಣ ಸಣ್ಣ ಅಗುಳಿನ ಅನ್ನ ಬಡಿಸಿದರು. ಮೇಲೆ ಬ್ಯಾಳಿಯ ಕಟ್ಟಿನ ಸಾರು, ಒಂದು ಉಂಡಿ ಬೆಣ್ಣೆ. ನನಗೆ ನವಣಿ ಎಂದರೆ ಗುಬ್ಬಿ ತಿನ್ನುವ ಕಾಳು ಎಂದಷ್ಟೇ ಗೊತ್ತು. ಬೆರಳಾಡಿಸುತ್ತ ಕೂತಿದ್ದೆ.

"ಉಣ್ಣವಾ ತಂಗಿ" ಎಂದರು ಅತ್ತಿ. "ಗುಬ್ಬಿ ತಿಂದದ್ದು ಮನಷ್ಯಾಗ ವಿಷ ಅಲ್ಲ."

ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ಹೇಗೆ ತಿಳಿಯಿತೋ! ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಆ ಮನೆಯಲ್ಲಿ ನಾನು ಮೊದಲ ಸಲ ಬಾಯಿ ತುಂಬ ನಕ್ಕದ್ದು ಆ ಗಂಗಾಳದ ಮುಂದೆಯೇ. ಅನ್ನವೂ ರುಚಿಯಾಗಿತ್ತು. ಮತ್ತೆ ನೀಡಿಸಿಕೊಂಡೆ.

ಆ ಮನೆಯಲ್ಲಿ ಕಾಳುಗಳಲ್ಲೂ ಗಂಡು ಹೆಣ್ಣು ಎಂದಿತ್ತು. ಹತ್ತಿ, ಜೋಳ, ಶೇಂಗಾ ಮಾವನವರವು. ಅವುಗಳ ಬಿತ್ತನೆ, ರಾಶಿ, ಮಾರಾಟ ಎಲ್ಲ ಅವರು ಹೇಳಿದಂತೆ. ನವಣಿ, ಸಾವಿ, ಬರಗದಂಥ ಸಣ್ಣ ಕಾಳುಗಳು ಅತ್ತಿಯವು. ಹತ್ತಿಯ ಸಾಲಿನ ನಡುವೆ, ಮಸಾರಿಯ ಅಂಚಿನಲ್ಲಿ, ಬದುವಿನ ಮಗ್ಗುಲಲ್ಲಿ, ಎಲ್ಲಿ ಜಾಗ ಬಿಟ್ಟಿದ್ದರೆ ಅಲ್ಲಿ ಅತ್ತಿ ಬಿತ್ತುವ ಕೂರಿಗಿಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುತ್ತಿದ್ದರು. ಮಾವನವರು ನೋಡಿಯೂ ನೋಡದಂತೆ ಇರುತ್ತಿದ್ದರು. ಸುಗ್ಗಿ ಬಂದಾಗ ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಮಾವನವರು ತಮ್ಮ ಮಾಲಿನ ಜೊತೆಗೆ ಚಕ್ಕಡಿಯಲ್ಲಿ ಒಗೆದುಕೊಂಡು ರೈತರ ಮಾಲು ಮಾರಿಸಿಕೊಡುವ ಗಜೇಂದ್ರಗಡದ ಅಡತಿ ಅಂಗಡಿಗೆ ಒಯ್ಯುತ್ತಿದ್ದರು. ಅದಕ್ಕೆ ಏನು ಬಂತು ಎಂದು ಅತ್ತಿ ಕೇಳಿದರೆ, "ಅದಕ್ಕೇನ್ ಬರ್ತೈತಿ? ಹಮಾಲ್ರ ಚಾಕ್ಕ ಆತು" ಎಂದು ಮಾವನವರು ನಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಸಣ್ಣ ಕಾಳು ಅವರ ಲೆಕ್ಕಕ್ಕೇ ಬರುತ್ತಿರಲಿಲ್ಲ, ಅಷ್ಟೆ.

ನಾನು ಬಂದ ಮರುವರ್ಷ ಮಳೆ ಒಳ್ಳೆಯ ಹೊತ್ತಿಗೆ ಬಂತು. ಹತ್ತಿಯ ಸಾಲಿನಲ್ಲಿ ನವಣಿ ಎಂಥ ತೆನೆ ಬಿಟ್ಟಿತ್ತೆಂದರೆ, ನರಿಯ ಬಾಲ ತೂಗಿಬಿಟ್ಟಂತೆ. ಕೊಯ್ದು ಬಡಿದು ತೂರಿದೆವು. ಪಡಸಾಲೆಯಲ್ಲಿ ಚೀಲಗಳು ಸಾಲಾಗಿ ನಿಂತವು. ಅಷ್ಟರಲ್ಲಿ ಮಾವನವರ ಕಾಲ ಮೇಲೆ ಎತ್ತು ಕಾಲಿಟ್ಟಿತು. ಪಾದ ಕುಂಬಳಕಾಯಿಯಂತೆ ಬಾತು ಅವರು ಹೊರಸಿಗೆ ಬಿದ್ದರು. ನನ್ನ ಗಂಡನಿಗೆ ಹಿಂಗಾರಿ ಜೋಳದ ಬಿತ್ತನೆ. ಹಸಿ ಆರುವುದರೊಳಗೆ ಬಿತ್ತದಿದ್ದರೆ ವರ್ಷವೇ ಹೋಯಿತು. ಹೀಗಾಗಿ ಮಾಲು ಒಯ್ಯುವವರಿಲ್ಲ.

"ನಾ ಹೋಗಿ ಬರ್ತೀನಿ" ಎಂದರು ಅತ್ತಿ.

ಮಾವನವರು ಹೊರಸಿನ ಮೇಲೆಯೇ ಎದ್ದು ಕೂತರು. "ನೀನು? ಪ್ಯಾಟಿಗೆ?"

"ಯಾಕ, ಪ್ಯಾಟಿ ಏನ್ ನನ್ನ ತಿಂತೈತೇನು? ಚಕ್ಕಡಿ ಹೊಡ್ಯಾಕ ನಮ್ಮ ಆಳು ಮುದುಕ ಅದಾನ. ಸೊಸಿ ಜೋಡಿಗೆ ಬರ್ತಾಳ. ಅಂಗಡಿ ಏನು ಹೊಸಾದಲ್ಲ, ನಿಮ್ಮಜ್ಜನ ಕಾಲದ್ದು."

ಮಾವನವರು ಬಾತ ಕಾಲನ್ನೊಮ್ಮೆ ನೋಡಿಕೊಂಡು, "ಸಾವ್ಕಾರ್ಗೆ ನನ್ನ ನಮಸ್ಕಾರ ಹೇಳು. ಅವ್ರು ಹೇಳಿದಂಗ ಕೇಳು" ಎಂದರು. ನನಗೆ ಒಳಗೊಳಗೇ ಹಿಗ್ಗು. ಮದುವೆಯಾದ ಮೇಲೆ ಹೊಲ, ಮನೆ, ಕೆರೆ ಬಿಟ್ಟು ಬೇರೆ ಕಡೆ ಕಾಲಿಟ್ಟಿರಲಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ನವಣಿ ಚೀಲಗಳ ಮೇಲೆಯೇ ಕೂತು ಹೊರಟೆವು. ಚಕ್ಕಡಿ ಹೊಡೆಯುವ ಮುದುಕನಿಗೆ ಕಿವಿ ಮಂದ. ಅವನಿಗೆ ಕೇಳುವುದಿಲ್ಲವೆಂದು ಅತ್ತಿ ದಾರಿಯುದ್ದಕ್ಕೂ ತಮ್ಮ ಮದುವೆಯ ಕಾಲದ ಸುದ್ದಿಯನ್ನೆಲ್ಲ ನನಗೆ ಹೇಳಿದರು. ಮಾವನವರು ಹರೆಯದಲ್ಲಿ ಎಷ್ಟು ನಾಚುತ್ತಿದ್ದರೆಂದು ಹೇಳುವಾಗ ಮುದುಕನ ಬೆನ್ನು ನಗುವಿನಿಂದ ಕುಣಿಯುತ್ತಿತ್ತು. ಅವನಿಗೆ ಬೇಕಾದದ್ದು ಕೇಳುತ್ತಿತ್ತು ಎಂದು ನಮಗೆ ಆಗ ತಿಳಿಯಿತು.

ಪೇಟೆಯಲ್ಲಿ ಅಡತಿ ಅಂಗಡಿಗಳ ಮುಂದೆ ಚಕ್ಕಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಮ್ಮ ಸಾವುಕಾರರು ದುಂಡಗಿನ ಮನುಷ್ಯ, ಬಿಳಿ ಅಂಗಿ, ಕರಿ ಟೊಪ್ಪಿಗೆ. ಅತ್ತಿಯನ್ನು ಕಂಡು ಎದ್ದು ನಿಂತರು. "ಬರ್ರಿ ಅಕ್ಕಾರ, ಯಜಮಾನ್ರ ಕಾಲು ಹ್ಯಾಂಗೈತಿ?" ಎಂದು ಕೇಳಿ ನೀರು ತರಿಸಿಕೊಟ್ಟರು. ನಾವು ಕಟ್ಟೆಯ ಅಂಚಿನಲ್ಲಿ ಸೆರಗು ಮುಂದೆ ಎಳೆದುಕೊಂಡು ಕೂತೆವು.

ಅಲ್ಲಿಯ ವ್ಯಾಪಾರ ನಾನು ಕಂಡದ್ದು ಅದೇ ಮೊದಲು. ಕೊಳ್ಳುವವನು ಕಾಳಿನ ರಾಶಿಗೆ ಕೈ ಹಾಕಿ ನೋಡುತ್ತಾನೆ. ಆಮೇಲೆ ಸಾವುಕಾರರು ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಕೈ ಮೇಲೂ ಹೊದಿಸುತ್ತಾರೆ. ವಲ್ಲಿಯ ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಒತ್ತಿ ಬೆಲೆ ಕೇಳುವುದು. ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ, ಒಳಗೆ ಬೆರಳು ಜಗಳಾಡುತ್ತಿರುತ್ತವೆ. ಒಬ್ಬನ ಹುಬ್ಬು ಮೇಲೇರಿತು, ಇನ್ನೊಬ್ಬ ತಲೆ ಅಲ್ಲಾಡಿಸಿದ, ಮುಗಿಯಿತು. ಮಾಲಿನ ಒಡೆಯ ಗಂಡಸಾದರೆ ಅವನ ಕೈಯನ್ನೂ ವಲ್ಲಿಯೊಳಗೆ ಎಳೆದುಕೊಂಡು ಬೆಲೆ ತಿಳಿಸುತ್ತಿದ್ದರು. ಹೆಂಗಸಿನ ಕೈ ಹಿಡಿಯುವ ಹಾಗಿಲ್ಲವಲ್ಲ!

ಮಧ್ಯಾಹ್ನ ತಿರುಗಿತು. ಎಲ್ಲರ ಜೋಳ, ಶೇಂಗಾ ಮುಗಿದವು. ಕೊನೆಗೆ ನಮ್ಮ ನವಣಿ. ಒಬ್ಬ ವ್ಯಾಪಾರಿ ಬಂದು ಚೀಲದ ಬಾಯಿಂದ ಒಂದು ಹಿಡಿ ತೆಗೆದು, ಊದಿ, ನೆಲಕ್ಕೆ ಚೆಲ್ಲಿ ಹೋದ. ಚೆಲ್ಲಿದ ಕಾಳಿಗೆ ಕೋಳಿಯೊಂದು ಓಡಿ ಬಂತು. ಇನ್ನೊಬ್ಬ ವಲ್ಲಿಯೊಳಗೆ ಕೈಯಿಟ್ಟು ಕೂಡಲೇ ತೆಗೆದ. ವ್ಯಾಪಾರ ಮುಗಿಯಿತೆಂದು ಸಾವುಕಾರರು ಹಮಾಲನಿಗೆ ಸನ್ನೆ ಮಾಡಿದರು. ಅವನು ಚೀಲ ಎತ್ತಲು ಬಂದ.

"ಏನ್ ಠರಾವಾತ್ರಿ ಅಣ್ಣಾರ?" ಎಂದು ಅತ್ತಿ ಕೇಳಿದರು.

"ಆಗೈತಿ ಬಿಡ್ರಿ ಅಕ್ಕಾರ. ಯಜಮಾನ್ರಿಗೆ ನಾ ಹೇಳ್ತೀನಿ."

"ಯಜಮಾನ್ರು ಜೋಳದ ಯಜಮಾನ್ರು. ಇದು ನಂದು. ನನಗ ಹೇಳ್ರಿ."

ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಸಾವುಕಾರರು ಮುಜುಗರದಿಂದ ನಕ್ಕರು. "ಇದು ಕೈಯಾಗಿನ ಯಾಪಾರರೀ. ಬಾಯ್ಲೆ ಹೇಳೂ ಪದ್ಧತಿ ಇಲ್ಲ."

"ಹಂಗಾರ ನನ್ನ ಕಾಳು ಮಾರೂ ಪದ್ಧತಿನೂ ಇಲ್ಲ" ಎಂದರು ಅತ್ತಿ. ದನಿ ಏರಿಸಲಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾರ. ಬಿತ್ತಿದಾಕಿ ನಾನು, ಕಸ ತೆಗದಾಕಿ ನಾನು. ಹೋದ ಮ್ಯಾಲೆ ಏನಾತು ಅಂತ ತಿಳೀಲಿಲ್ಲಂದ್ರ ಮನಸಿಗೆ ಹ್ಯಾಂಗರ ಆಗ್ತೈತಿ. ಚಕ್ಕಡಿಗೆ ಏರಿಸಪಾ."

ಕೊನೆಯ ಮಾತು ಹಮಾಲನಿಗೆ. ಅವನು ಸಾವುಕಾರರ ಮುಖ ನೋಡಿದ. ಅವರು ಕೈ ಚೆಲ್ಲಿದರು. ಚೀಲಗಳು ತಿರುಗಿ ಚಕ್ಕಡಿ ಏರಿದವು. ಹಿಂದಿನಿಂದ ಯಾರೋ, "ಗುಬ್ಬಿಗೆ ಹಾಕ್ರಿ ಅಕ್ಕಾರ, ಪುಣ್ಯಾ ಬರ್ತೈತಿ" ಎಂದ. ನಗೆ ಎದ್ದಿತು. ನನಗೆ ಕಣ್ಣಲ್ಲಿ ನೀರು ಬರುವಂತಾಯಿತು. ಅತ್ತಿಯ ಮುಖ ನೋಡಿದರೆ ಅದು ಕೆಂಪಗಾಗಿತ್ತು. ಕೈ ಸೆರಗಿನ ಅಂಚನ್ನು ಹೊಸೆಯುತ್ತಿತ್ತು. ಧೈರ್ಯ ಎಲ್ಲ ಮಾತಿನಲ್ಲೇ ಖರ್ಚಾಗಿತ್ತು ಎಂದು ಕಾಣುತ್ತದೆ. ಹಾಗೇ ಸೆರಗು ಹೊಸೆಯುತ್ತಲೇ ಪೇಟೆ ದಾಟಿದರು.

ಊರ ಅಂಚಿನಲ್ಲಿ ನೇಕಾರರ ಓಣಿ. ಅಲ್ಲಿ ಒಂದು ಬಾವಿ ಇತ್ತು. ಎತ್ತುಗಳಿಗೆ ನೀರು ತೋರಿಸಲು ಮುದುಕ ಚಕ್ಕಡಿ ನಿಲ್ಲಿಸಿದ. ಮನೆಮನೆಯಿಂದಲೂ ಮಗ್ಗದ ಟಕ್ ಟಕ್ ಸಪ್ಪಳ. ಬಾಗಿಲು ತೆರೆದಿದ್ದ ಒಂದು ಮನೆಯಲ್ಲಿ ಒಬ್ಬ ಹೆಂಗಸು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದಳು. ತೆಳ್ಳಗಿನವಳು, ಅತ್ತಿಗಿಂತ ಚಿಕ್ಕವಳು. ಲಾಳಿ ನಿಲ್ಲಿಸದೆಯೇ ಕೂಗಿ ಕೇಳಿದಳು: "ಯಕ್ಕಾ, ಚೀಲದಾಗ ಏನೈತಿ?"

"ನವಣಿ ಐತಿ ತಂಗಿ. ಯಾರಿಗೂ ಬ್ಯಾಡಾದ ನವಣಿ."

ಲಾಳಿ ನಿಂತಿತು. "ನವಣಿ ಉಂಡು ಎಷ್ಟು ದಿನಾತವ್ವಾ! ನಮ್ಮತ್ತಿ ಇದ್ದಾಗ ಕುಟ್ಟಿ ಮಾಡ್ತಿದ್ಲು. ಈಗ ಯಾರು ಕುಟ್ಟಬೇಕು? ಕುಣಿಯಿಂದ ಕಾಲು ಮ್ಯಾಲೆ ತಗದ್ರ ಸೀರಿ ಹಿಂದ ಬೀಳ್ತೈತಿ. ಕುಟ್ಟಿದ ಅಕ್ಕಿ ತಂದಿದ್ರ ಇಡೀ ಓಣಿನ ತಗೋತಿತ್ತು ನೋಡು."

ಅತ್ತಿ ಚಕ್ಕಡಿಯಿಂದ ಇಳಿದರು. ಅಲ್ಲಿಯವರೆಗೆ ಹೊಸೆಯುತ್ತಿದ್ದ ಸೆರಗನ್ನು ನಡುವಿಗೆ ಸಿಗಿಸಿಕೊಂಡರು. "ನಿಮ್ಮನ್ಯಾಗ ಒಳ್ಳು ಐತೇನು?"

"ಹಿತ್ತಲದಾಗ ಐತಿ. ಅದರಾಗ ಕೋಳಿ ಮೊಟ್ಟಿ ಇಡ್ತೈತಿ ಈಗ."

"ಕೋಳಿ ಎಬ್ಬಸು" ಎಂದರು ಅತ್ತಿ.

ಆ ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಳ್ಳು ಎಂದರೆ ನೆಲದಲ್ಲಿ ಹೂತ ಕಲ್ಲಿನ ಕುಣಿ. ಅದನ್ನು ತೊಳೆದು ಒರೆಸಿ, ಎರಡು ಒನಕೆ ಹುಡುಕಿ ತಂದು, ನಾನು ಮತ್ತು ಅತ್ತಿ ಎದುರುಬದುರು ನಿಂತು ಕುಟ್ಟತೊಡಗಿದೆವು. ನವಣಿ ಚೆನ್ನಾಗಿ ಒಣಗಿತ್ತು, ಹೊಟ್ಟು ಬೇಗ ಬಿಟ್ಟಿತು. ಅತ್ತಿ ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ, ಕೆಳಗೆ ಹಳದಿ ಅಕ್ಕಿ ಉಳಿಯಿತು. ಸಪ್ಪಳ ಕೇಳಿ ಪಕ್ಕದ ಮನೆಯವರು ಬಂದರು, ಅವರ ಹಿಂದೆ ಎದುರು ಮನೆಯವರು. ಒಬ್ಬ ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದು, "ಇದು ನಮ್ಮವ್ವನ ಮನಿ ರುಚಿ" ಎಂದಳು. ಸೇರು ತಂದವರಿಗೆ ಸೇರು, ಅಚ್ಚೇರು ತಂದವರಿಗೆ ಅಚ್ಚೇರು. ಕೆಲವರು ದುಡ್ಡು ಕೊಟ್ಟರು, ಒಬ್ಬಳು ಕುಬಸದ ತುಂಡು ಕೊಟ್ಟಳು. ಯಾವುದಕ್ಕೂ ವಲ್ಲಿ ಹೊದಿಸಬೇಕಾಗಲಿಲ್ಲ. ಬೆಲೆ ಅತ್ತಿ ಬಾಯಿಂದ ಹೇಳಿದರು, ಓಣಿ ಬಾಯಿಂದ ಚೌಕಾಸಿ ಮಾಡಿತು. ಅರ್ಧ ಚೀಲ ಕುಟ್ಟುವಷ್ಟರಲ್ಲಿ ನಮ್ಮ ರಟ್ಟೆ ಬಿದ್ದುಹೋದವು. ಆ ನೇಕಾರತಿ ಬೆಲ್ಲದ ಚಹಾ ಕಾಸಿ ಕೊಟ್ಟಳು.

ನಮ್ಮ ಮನೆಯಲ್ಲಿ ಚಹಾ ಹೊಕ್ಕಿರಲಿಲ್ಲ. ಮಾವನವರಿಗೆ ಅದು ಶಹರದವರ ಚಟ. ಅತ್ತಿ ಮೂಸಿ ನೋಡಿದರು, ಒಂದು ಗುಟುಕು ಕುಡಿದರು, ನನ್ನ ಕಡೆ ನೋಡಿದರು. ಆಮೇಲೆ ಬಟ್ಟಲು ಬರಿದಾಗುವವರೆಗೆ ಕೆಳಗಿಡಲಿಲ್ಲ. "ನಿಮ್ಮ ಮಾವಗ ಹೇಳಬ್ಯಾಡ" ಎಂದರು. ಗಜೇಂದ್ರಗಡದ ನಂಟು ಅವರಿಗೆ ನವಣಿಯಿಂದ ಎಷ್ಟು ಬೆಳೆಯಿತೋ ಚಹಾದಿಂದಲೂ ಅಷ್ಟೇ ಬೆಳೆಯಿತೆಂದು ನನ್ನ ಗುಮಾನಿ.

ಉಳಿದ ಚೀಲಗಳನ್ನು ಹೇರಿಕೊಂಡು ಕತ್ತಲಾಗುವ ಹೊತ್ತಿಗೆ ಮನೆ ಮುಟ್ಟಿದೆವು. ನಡೆದದ್ದನ್ನು ಅತ್ತಿ ಮುಚ್ಚಿಡದೆ ಹೇಳಿದರು, ಚಹಾ ಒಂದು ಬಿಟ್ಟು. ಮಾವನವರು ಕೇಳುತ್ತ ಕೇಳುತ್ತ ಗೋಡೆಯ ಕಡೆ ಮುಖ ತಿರುಗಿಸಿದರು.

"ಮೂರು ತಲಿಯಿಂದ ಆ ಅಂಗಡಿ ಕಟ್ಟಿ ಮ್ಯಾಲೆ ಕುಂತೀವಿ. ಅಲ್ಲಿಂದ ಚೀಲ ತಿರುಗಿ ತಂದ್ಯಾ? ನಾ ಇನ್ನ ಅವ್ರಿಗೆ ಮುಖ ಹ್ಯಾಂಗ ತೋರಿಸ್ಲಿ?"

"ನಿಮ್ಮ ಮುಖಕ್ಕ ಏನಾಗೈತಿ? ಕಾಲು ಬಾತೈತಿ ಅಷ್ಟ" ಎಂದು ಅತ್ತಿ ಬಿಸಿನೀರು ತರಲು ಹೋದರು. ಆದರೆ ಅವತ್ತು ಮಾವನವರು ನಗಲಿಲ್ಲ. ಕಾಲಿಗೆ ಶಾಖ ಕೊಡಿಸಿಕೊಂಡರು, ಊಟ ಮಾಡಿದರು, ಅತ್ತಿಯ ಜೊತೆ ಮಾತು ಬಿಟ್ಟರು. ಏನಾದರೂ ಬೇಕಾದರೆ ನನ್ನನ್ನು ಕರೆದು, "ತಂಗಿ, ನಿಮ್ಮತ್ತಿಗೆ ಹೇಳು, ನನಗ ಮಜ್ಜಿಗಿ ಬೇಕಂತ" ಎನ್ನುತ್ತಿದ್ದರು. ಅತ್ತಿ ಅಲ್ಲೇ ನಿಂತಿರುತ್ತಿದ್ದರು. "ನಿಮ್ಮ ಮಾವಗ ಹೇಳು, ಮಜ್ಜಿಗಿ ಬಗಲಾಗ ಐತಂತ." ಇಬ್ಬರ ನಡುವೆ ಓಡಾಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ, ಹೆದರಿಕೆಯೂ ಆಗುತ್ತಿತ್ತು. ನನ್ನ ಗಂಡ ಊಟಕ್ಕೆ ಬಂದವನು ತಲೆ ತಗ್ಗಿಸಿ ಉಂಡು ಮತ್ತೆ ಹೊಲಕ್ಕೆ ಓಡುತ್ತಿದ್ದ.

ಅತ್ತಿ ಮಾತ್ರ ಕೈ ಕಟ್ಟಿ ಕೂರಲಿಲ್ಲ. ಮನೆಯಲ್ಲಿದ್ದ ಒಳ್ಳಿನಲ್ಲಿ ದಿನಾ ಒಂದಿಷ್ಟು ಕುಟ್ಟಿದೆವು. ನಮ್ಮೂರ ಓಣಿಯ ಇಬ್ಬರು ಹೆಂಗಸರು ತಮ್ಮ ಸಾವಿ, ಬರಗ ತಂದು ಕೂಡಿಸಿದರು. ಅವರ ಗಂಡಂದಿರೂ ಸಣ್ಣ ಕಾಳನ್ನು ಹಮಾಲರ ಚಹಾಕ್ಕೆ ಕೊಟ್ಟು ಬರುತ್ತಿದ್ದವರೇ. ಮುಂದಿನ ಸಂತೆಯ ದಿನ ಕುಟ್ಟಿದ ಅಕ್ಕಿ ಕಟ್ಟಿಕೊಂಡು ಹೋದಾಗ ನೇಕಾರರ ಓಣಿಯವರು ಬಾವಿಯ ಹತ್ತಿರ ಕಾಯುತ್ತ ನಿಂತಿದ್ದರು.

ಮಾವನವರ ಕಾಲು ನೆಲಕ್ಕೆ ಊರುವಂತಾದ ಮೇಲೆ ಅವರು ಶೇಂಗಾ ಹೇರಿಕೊಂಡು ಗಜೇಂದ್ರಗಡಕ್ಕೆ ಹೋದರು. ಹೋಗುವಾಗಿನ ಮುಖ ನೋಡಿದರೆ ಪಂಚಾಯ್ತಿಗೆ ಕರೆಸಿಕೊಂಡವರ ಹಾಗೆ. ಸಂಜೆ ತಿರುಗಿ ಬಂದಾಗ ಮುಖ ಬೇರೆಯೇ ಆಗಿತ್ತು. ಕೈಕಾಲು ತೊಳೆದು ಕಟ್ಟೆಗೆ ಕೂತು, ಅಷ್ಟು ದಿನಗಳ ಮೇಲೆ ಮೊದಲ ಸಲ ಅತ್ತಿಯನ್ನು ನೇರವಾಗಿ ಮಾತಾಡಿಸಿದರು.

"ಸಾವ್ಕಾರ್ರು ನಕ್ಕೋಂತ ಕುಂತಿದ್ರು."

"ನಗ್ಲಿ ಬಿಡ್ರಿ" ಎಂದರು ಅತ್ತಿ.

"ಅವ್ರ ಮಗಳು ಬಾಣಂತನಕ್ಕ ಬಂದಾಳಂತ. ಸಾವ್ಕಾರ್ತಿ ನವಣಕ್ಕಿ ಬೇಕಂತ ನೇಕಾರ ಓಣಿಗೆ ಆಳು ಕಳಿಸಿದ್ಲಂತ. ಅಂವ ತಂದದ್ದು ನಮ್ಮನಿ ಅಕ್ಕಿ. 'ನಮ್ಮ ಅಂಗಡಿ ಮುಂದಿಂದ ಹ್ವಾದ ಕಾಳು ನಮ್ಮ ಅಡಗಿಮನಿಗೆ ಬಂತು ನೋಡ್ರಿ' ಅಂದ್ರು. ಭಾಳ ಚಲೋ ಇತ್ತಂತ ಅಕ್ಕಿ."

"ಗುಬ್ಬಿ ಕಾಳಲ್ಲೇನು ಅದು?"

ಮಾವನವರು ಕೆಮ್ಮಿದರು. ಆಮೇಲೆ ಇಬ್ಬರೂ ಒಂದೇ ಸಲ ನಕ್ಕರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಕೈ ಜೋಡಿಸಿದೆ, ಇನ್ನು ಮಜ್ಜಿಗೆಯ ಸಂದೇಶ ಒಯ್ಯುವುದು ತಪ್ಪಿತೆಂದು.

ಮಾವನವರು ಬಾಯಿಬಿಟ್ಟು ಏನೂ ಒಪ್ಪಿಕೊಳ್ಳುವವರಲ್ಲ. ಆದರೆ ಒಂದು ದಿನ ಇಬ್ಬರು ಕಲ್ಲು ಕಡೆಯುವವರು ಬಂದು ನಮ್ಮ ಹಿತ್ತಿಲಲ್ಲಿ ಹಳೆಯ ಒಳ್ಳಿನ ಪಕ್ಕ ನೆಲ ಅಗೆಯತೊಡಗಿದರು. ಏನೆಂದು ಅತ್ತಿ ಕೇಳಿದ್ದಕ್ಕೆ, "ಯಜಮಾನ್ರು ಹೇಳ್ಯಾರ್ರಿ, ಇನ್ನೊಂದು ಒಳ್ಳು ಹಾಕ್ರಿ, ದೊಡ್ಡದು ಇರ್ಲಿ ಅಂತ" ಎಂದರು. ಮಾವನವರು ಆ ಹೊತ್ತಿಗೆ ಬೇಕೆಂದೇ ಹೊಲಕ್ಕೆ ಹೋಗಿದ್ದರು. ಅತ್ತಿ ಒಳ್ಳಿನ ಹೊಸ ಕಲ್ಲಿನ ಮೇಲೆ ಅಂಗೈ ಆಡಿಸುತ್ತ ಬಹಳ ಹೊತ್ತು ಕೂತಿದ್ದರು. ಅವತ್ತು ಮಾವನವರ ರೊಟ್ಟಿಯ ಮೇಲೆ ಬಿದ್ದ ಬೆಣ್ಣೆಯ ಉಂಡಿ ನೋಡಿ ನನ್ನ ಗಂಡ, "ನನಗೂ ಒಂದು ಒಳ್ಳು ಹಾಕ್ಸೂ ಪ್ರಸಂಗ ಬರ್ಲಿ" ಎಂದ.

ಮುಂದಿನ ವರ್ಷಗಳು ಆ ಎರಡು ಒಳ್ಳಿನ ಸುತ್ತಲೇ ಕಳೆದವು ಎಂದರೆ ನಡೆದೀತು. ಹಿತ್ತಿಲಲ್ಲಿ ಬೆಳಗಿನ ಬಿಸಿಲಿಗೆ ಕಾಳು ಹರವುವುದು, ಊಟದ ಹೊತ್ತಿನವರೆಗೆ ಕುಟ್ಟುವುದು. ಕುಟ್ಟುವಾಗ ಹಾಡು, ಕೇರುವಾಗ ಸುದ್ದಿ. ಯಾರ ಮನೆಯಲ್ಲಿ ಏನು ನಡೆದರೂ ನಮ್ಮ ಹಿತ್ತಿಲಿಗೆ ಬಾರದೆ ಇರುತ್ತಿರಲಿಲ್ಲ. ನನಗೆ ತವರಿನ ನೆನಪು ಕಡಿಮೆಯಾದದ್ದು ಅಲ್ಲಿಯೇ. ಹೊಟ್ಟು ಮೈಗೆಲ್ಲ ಅಂಟಿ ತುರಿಸುತ್ತಿತ್ತು, ಅಂಗೈ ಬೊಬ್ಬೆ ಬರುತ್ತಿತ್ತು; ಅದೆಲ್ಲ ಖರೇ. ಆದರೂ ಸಂತೆಯ ದಿನ ಬಂತೆಂದರೆ ನಾವು ಹೆಂಗಸರು ಎಣ್ಣೆ ಹಚ್ಚಿ ತಲೆ ಬಾಚಿ, ಒಗೆದ ಸೀರೆ ಉಟ್ಟು, ಮದುವೆಗೆ ಹೋಗುವವರ ಹಾಗೆ ಚಕ್ಕಡಿ ಏರುತ್ತಿದ್ದೆವು.

ಆ ನೇಕಾರತಿಗೆ ನಾನು ಚಿಗವ್ವ ಎನ್ನತೊಡಗಿದೆ. ಅವಳ ಗಂಡ ಮೌನಿ. ಅವನೂ ಅವಳೂ ಸರದಿಯ ಮೇಲೆ ಒಂದೇ ಮಗ್ಗಕ್ಕೆ ಕೂರುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಒಂದು ವರ್ಷ ನೂಲು ಸಿಗದೆ ಓಣಿಯ ಮಗ್ಗಗಳೆಲ್ಲ ನಿಂತವು. ನಾವು ಹೋದಾಗ ಓಣಿ ಎಷ್ಟು ಸ್ತಬ್ಧವಾಗಿತ್ತೆಂದರೆ, ನಮ್ಮ ಎತ್ತಿನ ಗೆಜ್ಜೆಯ ಸಪ್ಪಳ ನಮಗೇ ನಾಚಿಕೆ ಹುಟ್ಟಿಸಿತು. ಚಿಗವ್ವ ಬಾಗಿಲಲ್ಲಿ ನಿಂತು, "ಈ ಸರ್ತಿ ಬ್ಯಾಡಕ್ಕಾ, ಮುಂದ ನೋಡೂಣು" ಎಂದಳು. ಅವಳ ಹಿಂದೆ ಬರಿದಾದ ಮಗ್ಗ ಕಾಣುತ್ತಿತ್ತು.

ಅತ್ತಿ ಚಕ್ಕಡಿಯಿಂದ ಇಳಿದು ಅವಳ ಪಕ್ಕದಲ್ಲಿ ಕೂತರು. "ನಮ್ಮ ಊರಾಗ ಕುಟ್ಟೂ ಕೈ ಸಾಲವಲ್ವು ತಂಗಿ. ಕಾಳು ಚೀಲಗಟ್ಟಲೆ ಬಿದ್ದೈತಿ. ನಿಮ್ಮ ಓಣ್ಯಾಗ ಕೈ ಖಾಲಿ ಅದಾವಲ್ಲ, ಕುಟ್ಟಿ ಕೊಡ್ರಿ. ಕುಟ್ಟಿದ್ದರಾಗ ನಿಮ್ಮ ಪಾಲು ನೀವ ಇಟ್ಕೋರಿ."

"ನಮಗ ಈಗ ಕುಟ್ಟಾಕ ಬರ್ತೈತೋ ಇಲ್ಲೋ."

"ನನ್ನ ಸೊಸಿ ಎರಿ ನಾಡಿನಾಕಿ. ಆಕಿಗೇ ಬಂದೈತಿ, ನಿಮಗ ಬರೂದಿಲ್ಲಾ?"

ನಮ್ಮಲ್ಲಿ ಕೈ ಸಾಲದೆ ಇರಲಿಲ್ಲ; ಆ ವರ್ಷ ನಮ್ಮ ಹಿತ್ತಿಲಿನ ಹೆಂಗಸರು ಅರ್ಧ ಹೊತ್ತು ಸುಮ್ಮನೆ ಕೂತು ಹರಟಿದರು. ನನಗೆ ಗೊತ್ತಿತ್ತು, ಚಿಗವ್ವನಿಗೂ ಗೊತ್ತಿದ್ದಿರಬೇಕು. ಆ ಬೇಸಗೆಯೆಲ್ಲ ನೇಕಾರರ ಓಣಿಯಲ್ಲಿ ಮಗ್ಗದ ಬದಲು ಒನಕೆಯ ಸಪ್ಪಳ ಕೇಳಿತು. ಮಳೆಗಾಲದ ಹೊತ್ತಿಗೆ ನೂಲು ಬಂತು.

ನನ್ನ ಮೊದಲ ಮಗ ಹುಟ್ಟಿದ್ದು ಅದರ ಮರುವರ್ಷ, ಶಿರೋಳದಲ್ಲಿ. ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಾಗ ಅತ್ತಿ ನನ್ನ ಕೈಗೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಒಂದು ಕುಂಚಿಗೆ ಕೊಟ್ಟರು. ಚಿಗವ್ವ ಮಗ್ಗದಲ್ಲಿ ಮಿಕ್ಕ ನೂಲಿನ ತುಂಡುಗಳನ್ನೆಲ್ಲ ಗಂಟು ಹಾಕಿ ಕೂಸಿಗೆಂದು ಬಟ್ಟೆ ನೇಯ್ದಿದ್ದಳು. ಕೆಂಪು, ಹಸಿರು, ಅರಿಸಿನ, ನೇರಳೆ. ಅದನ್ನೇ ಕುಂಚಿಗೆ ಹೊಲಿಸಿದ್ದರು. ನನ್ನ ಮೂವರು ಮಕ್ಕಳೂ ಅದರಲ್ಲೇ ಬೆಚ್ಚಗೆ ಮಲಗಿದರು.

ಹೀಗೆ ಹೋಗಿ ಬಂದು ಮಾಡುತ್ತಿದ್ದವರು ನಾವೇ. ಚಿಗವ್ವ ನಮ್ಮೂರಿಗೆ ಬಂದಿರಲಿಲ್ಲ. ಕರೆದಾಗಲೆಲ್ಲ ಮಗ್ಗದ ನೆಪ. ಆ ಹೊತ್ತಿಗೆ ನಮ್ಮೂರ ಮೇಲೆ ಹಾಯ್ದು ಹೋಗುವ ಬಸ್ಸು ಶುರುವಾಗಿತ್ತು. ಒಂದು ಶೀಗಿ ಹುಣ್ಣಿಮೆಗೆ ಅತ್ತಿ ಹಠ ಹಿಡಿದರು: "ಈ ಸರ್ತಿ ಚರಗ ಚೆಲ್ಲಾಕ ನೀ ಬರಬೇಕು. ಇಲ್ಲಂದ್ರ ನಿನ್ನ ಚಾ ನಾ ಮುಟ್ಟೂದಿಲ್ಲ." ಶೀಗಿ ಹುಣ್ಣಿಮೆಗೆ ನಮ್ಮಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ನೈವೇದ್ಯವನ್ನು ಬೆಳೆಯ ಮೇಲೆ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತೇವೆ. ಚಿಗವ್ವ ಹೊಸ ಸೀರೆ ಉಟ್ಟು, ಬಸ್ಸಿನ ಧೂಳೆಲ್ಲ ಮೈಗೆ ಮೆತ್ತಿಕೊಂಡು ಬಂದಿಳಿದಳು. ಮಾವನವರೇ ಚಕ್ಕಡಿ ಹೂಡಿ ಅವಳನ್ನು ಹೊಲಕ್ಕೆ ಕರೆದೊಯ್ದರು.

ಆ ವರ್ಷ ಮಳೆ ತಡವಾಗಿ ನವಣಿಯ ಕೊಯ್ಲೂ ತಡವಾಗಿತ್ತು. ಮಸಾರಿಯ ಹೊಲದಲ್ಲಿ ತೆನೆಗಳು ಹಳದಿಗೆ ತಿರುಗಿ ತಲೆ ಬಾಗಿಸಿ ನಿಂತಿದ್ದವು. ಈಗ ಅದು ಅಂಚಿನ ಬೆಳೆಯಾಗಿರಲಿಲ್ಲ. ಮಾವನವರು ಮಸಾರಿಯಲ್ಲಿ ಒಂದು ಇಡೀ ಪಟ್ಟಿಯನ್ನೇ ಅತ್ತಿಗೆ ಬಿಟ್ಟುಕೊಟ್ಟಿದ್ದರು. ಚಿಗವ್ವ ಚಕ್ಕಡಿಯಿಂದ ಇಳಿದು ಬದುವಿನ ಮೇಲೆ ನಿಂತಳು.

"ಇದ್ಯಾವ ಬೆಳಿ ಅಕ್ಕಾ? ಭಾಳ ಚಂದೈತಿ."

ಅತ್ತಿ ಅವಳ ಮುಖವನ್ನೇ ನೋಡಿದರು. "ಇದ ನವಣಿ."

"ಇದಾ?"

ಅವಳು ಪೇಟೆಯಲ್ಲೇ ಹುಟ್ಟಿ, ಪೇಟೆಯಲ್ಲೇ ಮದುವೆಯಾಗಿ, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಬೆಳೆದವಳು. ವರ್ಷಗಟ್ಟಲೆ ಉಂಡಿದ್ದಳು, ಕುಟ್ಟಿದ್ದಳು. ಹೊಲದಲ್ಲಿ ನಿಂತದ್ದನ್ನು ಕಂಡಿರಲಿಲ್ಲ. ಮೆಲ್ಲಗೆ ಸಾಲಿನೊಳಗೆ ಇಳಿದಳು. ಒಂದು ತೆನೆಯನ್ನು ಕೀಳದೆ, ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು, ಸೀರೆಯ ಅಂಚಿನ ನೇಯ್ಗೆ ನೋಡುವ ಹಾಗೆ, ಕಣ್ಣಿನ ಹತ್ತಿರ ತಂದು.

"ರೇಷ್ಮಿ ಇದ್ದಂಗ ಐತಲ್ಲ ಯಕ್ಕಾ" ಎಂದಳು.

"ನಡೀ, ಹೊಟ್ಟಿ ಹಸದೈತಿ, ಮೊದ್ಲ ಉಣ್ಣೂಣು" ಎಂದು ಮಾವನವರು ಬನ್ನಿ ಮರದ ಕೆಳಗಿನಿಂದ ಕೂಗಿದರು. ಅತ್ತಿ, "ನೀವು ಉಣ್ರಿ, ನಾವು ಬರ್ತೀವಿ" ಎಂದು ಕೂಗಿ ಹೇಳಿ, ತಾವೂ ಸಾಲಿನೊಳಗೆ ಇಳಿದರು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಬ್ಬರೂ ಹೊಲದ ಆ ಕೊನೆಯವರೆಗೆ ನಡೆದು ಹೋದರು. ನಾನು ಬುತ್ತಿ ಬಿಚ್ಚಿಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತ ಕೂತೆ. ತೆನೆಗಳು ಅವರ ಸೊಂಟದವರೆಗೆ ಬರುತ್ತಿದ್ದವು. ಏನು ಮಾತಾಡುತ್ತಿದ್ದರೋ ಕೇಳಿಸಲಿಲ್ಲ. ನಗು ಮಾತ್ರ ಗಾಳಿಯಲ್ಲಿ ಬಂತು.